ಕೋಲ್ಡ್ ಏರ್ ಇಂಟೇಕ್ ಮತ್ತು ನೀರಿನ ಅಪಾಯ: ಕೃಷ್ಣಾ ತೀರದ ಐದು ತಾಲ್ಲೂಕುಗಳಲ್ಲಿ

ಕಾರಿನ ಎಂಜಿನ್ನಿಗೆ ಹೊರಗಿನ ತಂಪು ಗಾಳಿ ಧಾರಾಳವಾಗಿ ಸಿಗಲೆಂದು, ಕಂಪನಿಯಿಂದ ಬಂದ ಏರ್ ಫಿಲ್ಟರ್ ಡಬ್ಬಿಯನ್ನು ಕಳಚಿ ಅದರ ಬದಲಿಗೆ ಕೂರಿಸುವ ಅಗಲ ಕೊಳವೆ ಮತ್ತು ಶಂಕುವಿನಾಕಾರದ ಫಿಲ್ಟರಿಗೆ ಕೋಲ್ಡ್ ಏರ್ ಇಂಟೇಕ್ ಎನ್ನುತ್ತಾರೆ. ಇದರ ಒಂದು ಬಗೆಯಲ್ಲಿ ಫಿಲ್ಟರು ಬಾನೆಟ್ಟಿನ ಕೆಳಗೆ ಮೇಲ್ಭಾಗದಲ್ಲೇ ಇರುತ್ತದೆ. ಇನ್ನೊಂದರಲ್ಲಿ ಕೊಳವೆ ಕೆಳಗಿಳಿದು, ಮುಂಗಾಲಿಯ ಮುಂದೆ, ಬಂಪರಿನ ಒಳಮೂಲೆಯಲ್ಲಿ ಕೊನೆಗೊಳ್ಳುತ್ತದೆ. ನೀರಿನ ಅಪಾಯ ಹೆಚ್ಚಿರುವುದು ಎರಡನೆಯದರಲ್ಲಿ. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಈ ಅಪಾಯವನ್ನು ಬೇರೆಯಾಗಿಯೇ ಲೆಕ್ಕ ಹಾಕಬೇಕಾಗುತ್ತದೆ. ಇಲ್ಲಿ ಮಳೆಗಾಲದ ನೀರು ಆಕಾಶದಿಂದ ಬೀಳುವುದಕ್ಕಿಂತ ಹೆಚ್ಚಾಗಿ ಹೊಳೆಯಿಂದ ಏರಿ ಬರುತ್ತದೆ.

ಗಾಳಿಯ ಬಾಯಿ ಕೆಳಗಿಳಿದ ಬಗೆ

ಕಾರ್ಬ್ಯುರೇಟರ್ ಕಾಲದ ಅಂಬಾಸಡರ್, ಜೀಪು, 1983ರಲ್ಲಿ ಬಂದ ಮಾರುತಿ 800 ಇವೆಲ್ಲವುಗಳಲ್ಲಿ ಫಿಲ್ಟರಿನ ಡಬ್ಬಿ ಎಂಜಿನ್ನಿನ ನೆತ್ತಿಯ ಮಟ್ಟದಲ್ಲಿ ಕೂತಿರುತ್ತಿತ್ತು. ಫ್ಯೂಯೆಲ್ ಇಂಜೆಕ್ಷನ್ ಬಂದ ಮೇಲೆ ಅದು ಎಂಜಿನ್ನಿನ ಕಾವಿನಿಂದ ದೂರ ಸರಿದು, ಗಾಳಿಯ ಬಾಯಿ ಹೆಡ್‌ಲೈಟಿನ ಹಿಂಬದಿಗೋ ಮುಂಭಾಗದ ಜಾಲರಿಯ ಮೇಲಂಚಿಗೋ ಬಂದಿತು. ಅಲ್ಲಿ ಗಾಳಿ ಹೊರಗಿನಷ್ಟೇ ತಂಪಾಗಿರುತ್ತದೆ, ನೆಲದಿಂದ ಎರಡಡಿಗೂ ಹೆಚ್ಚು ಎತ್ತರವೂ ಉಳಿಯುತ್ತದೆ. ಇಂದಿನ ಬಹುತೇಕ ಕಾರುಗಳು ಕಾರ್ಖಾನೆಯಿಂದ ಬರುವಾಗಲೇ ತಂಪು ಗಾಳಿಯನ್ನು ಎಳೆದುಕೊಳ್ಳುವ ವ್ಯವಸ್ಥೆಯೊಂದಿಗೆ ಬರುತ್ತವೆ ಎಂಬುದನ್ನು ಕಿಟ್ ಮಾರುವವರು ಹೇಳುವುದು ಕಡಿಮೆ.

ತಂಪು ಗಾಳಿಯಿಂದ ಲಾಭವಿರುವುದು ನಿಜ. ತಾಪ ಏರಿದಂತೆ ಗಾಳಿ ತೆಳುವಾಗುತ್ತದೆ. 60 ಡಿಗ್ರಿ ಸೆಲ್ಸಿಯಸ್‌ನ ಗಾಳಿಗಿಂತ 35 ಡಿಗ್ರಿಯ ಗಾಳಿಯಲ್ಲಿ ಅದೇ ಗಾತ್ರಕ್ಕೆ ಸುಮಾರು ಶೇಕಡಾ 8ರಷ್ಟು ಹೆಚ್ಚು ಆಮ್ಲಜನಕ ಇರುತ್ತದೆ. ಏಪ್ರಿಲ್ ತಿಂಗಳ ಅಥಣಿಯ ಬಿಸಿಲಿನಲ್ಲಿ, ಇಲ್ಲವೆ ಕಬ್ಬು ಅರೆಯುವ ದಿನಗಳಲ್ಲಿ ಸಾಲುಗಟ್ಟಿದ ಟ್ರ್ಯಾಕ್ಟರ್ ಟ್ರಾಲಿಗಳ ಹಿಂದೆ ತೆವಳುವಾಗ, ಬಾನೆಟ್ಟಿನೊಳಗಿನ ಗಾಳಿ ಕಾದು ಎಂಜಿನ್ ಮಂದವಾಗುವುದನ್ನು ಗಾಡಿ ಓಡಿಸುವವರು ಗುರುತಿಸಬಲ್ಲರು. ಆದರೆ ಈ ಶೇಕಡಾ 8ರ ಲೆಕ್ಕ ಬಿಸಿ ಗಾಳಿ ಎಳೆಯುವ ಗಾಡಿಗೆ ಹೋಲಿಸಿದಾಗಿನದು. ಕಂಪನಿಯ ಡಬ್ಬಿ ಮೊದಲೇ ತಂಪು ಗಾಳಿ ಎಳೆಯುತ್ತಿದ್ದರೆ ಉಳಿಯುವ ಲಾಭ ಕಿರಿದು, ಅದೂ ಎಂಜಿನ್ ಜೋರಾಗಿ ತಿರುಗುವಾಗ ಮಾತ್ರ. ಇಂಟರ್‌ಕೂಲರ್ ಇರುವ ಟರ್ಬೊ ಡೀಸೆಲ್‌ಗಳಲ್ಲಿ ಇನ್ನೂ ಕಡಿಮೆ. ಗಾಡಿಯ ದನಿ ಬದಲಾಗುವುದರಿಂದ ಶಕ್ತಿಯೂ ಹೆಚ್ಚಾಯಿತೆಂದು ಅನ್ನಿಸುವುದುಂಟು.

ನಾಲ್ಕು ಚಮಚ ನೀರು

ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಎಂಜಿನ್ ಕೆಡುವುದು ಇದರಿಂದಲೇ. ಗಾಳಿಯನ್ನು ಒತ್ತಲು ಪಿಸ್ಟನ್ ಮೇಲೇರುವಾಗ ಎರಡೂ ಬಗೆಯ ವಾಲ್ವುಗಳು ಮುಚ್ಚಿರುತ್ತವೆ. ಪಿಸ್ಟನ್ ತುದಿ ಮುಟ್ಟಿದಾಗ ಅದರ ಮೇಲೆ ಉಳಿಯುವ ಜಾಗಕ್ಕಿಂತ ಹೆಚ್ಚು ನೀರು ಸಿಲಿಂಡರಿನೊಳಗಿದ್ದರೆ ಪಿಸ್ಟನ್ ಅರ್ಧದಲ್ಲೇ ನಿಲ್ಲಬೇಕಾಗುತ್ತದೆ. ಆದರೆ ಫ್ಲೈವೀಲ್ ತಿರುಗುವ ರಭಸ ಅದನ್ನು ನಿಲ್ಲಗೊಡುವುದಿಲ್ಲ. ನಡುವೆ ಸಿಕ್ಕ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಇಲ್ಲವೆ ಮುರಿದು ಬ್ಲಾಕಿನ ಗೋಡೆಯನ್ನೇ ಒಡೆಯುತ್ತದೆ. ಇದಕ್ಕೆ ಹೈಡ್ರೋಲಾಕ್ ಎಂದು ಹೆಸರು.

ಆ ಜಾಗ ಎಷ್ಟು ಚಿಕ್ಕದೆಂಬುದನ್ನು ಲೆಕ್ಕ ಹಾಕಿ ನೋಡಬೇಕು. 1197 ಸಿಸಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಸುಮಾರು 299 ಸಿಸಿ. ಕಂಪ್ರೆಷನ್ ಅನುಪಾತ 11:1 ಇದ್ದರೆ ತುದಿಯಲ್ಲಿ ಉಳಿಯುವ ಜಾಗ 30 ಮಿಲಿಲೀಟರ್. ಈ ಭಾಗದ ರಸ್ತೆಗಳಲ್ಲಿ ಬಹಳ ವರ್ಷ ಓಡಿದ 1248 ಸಿಸಿಯ ಡೀಸೆಲ್ ಎಂಜಿನ್ನಿನಲ್ಲಿ ಅನುಪಾತ 18ರ ಆಸುಪಾಸಿನದು. ಅಲ್ಲಿ ಉಳಿಯುವುದು 18-19 ಮಿಲಿಲೀಟರ್. ಅಂದರೆ ನಾಲ್ಕು ಟೀ ಚಮಚದಷ್ಟು ನೀರು ಒಂದು ಸಿಲಿಂಡರಿಗೆ ಹೋದರೆ ಡೀಸೆಲ್ ಎಂಜಿನ್ ಮುರಿಯಬಲ್ಲದು. ಡೀಸೆಲ್ ಎಂಜಿನ್ನುಗಳು ನೀರಿಗೆ ಬೇಗ ಬಲಿಯಾಗಲು ಇದೊಂದು ಕಾರಣ. ಇನ್ನೊಂದು, ಬಹುತೇಕ ಡೀಸೆಲ್‌ಗಳಲ್ಲಿ ಪೆಟ್ರೋಲ್ ಎಂಜಿನ್ನಿನಂತೆ ಗಾಳಿಯ ದಾರಿಯನ್ನು ಬಿಗಿ ಹಿಡಿಯುವ ಥ್ರಾಟಲ್ ಇರದ ಕಾರಣ ಅವು ಸದಾ ಪೂರ್ತಿ ಉಸಿರೆಳೆಯುತ್ತವೆ.

ಎಳೆತದ ಬಲವೂ ಕಡಿಮೆಯದಲ್ಲ. 1.2 ಲೀಟರಿನ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ, ಆಕ್ಸಿಲರೇಟರ್ ಪೂರ್ತಿ ಒತ್ತಿದ್ದರೆ, ಸೆಕೆಂಡಿಗೆ ಸುಮಾರು 30 ಲೀಟರ್ ಗಾಳಿ ಒಳಗೆ ಹೋಗುತ್ತದೆ. ಪ್ರತಿ ಸಿಲಿಂಡರೂ ಸೆಕೆಂಡಿಗೆ 25 ಬಾರಿ ಉಸಿರೆಳೆಯುತ್ತದೆ. ಆ ಉಸಿರಿನ ಹತ್ತನೇ ಒಂದು ಪಾಲು ನೀರಾದರೆ ಪೆಟ್ರೋಲ್ ಎಂಜಿನ್ನಿಗೂ ಉಳಿಗಾಲವಿಲ್ಲ. ನೀರು ನಾಲ್ಕು ಸಿಲಿಂಡರಿಗೂ ಸಮನಾಗಿ ಹಂಚಿಹೋಗದೆ ಕೊಳವೆಯ ತಗ್ಗಿನಲ್ಲಿ ನಿಂತು, ಒಮ್ಮೆಲೇ ಒಂದರೊಳಗೆ ಸುರಿಯುವುದೂ ಉಂಟು. ಫಿಲ್ಟರು ಪೂರ್ತಿ ಮುಳುಗಿದರೆ ಕೊಳವೆಯೊಳಗೆ ಒತ್ತಡ ಕುಸಿಯುತ್ತದೆ. 10 ಕಿಲೋಪಾಸ್ಕಲ್ ಕುಸಿದರೆ ನೀರು ಒಂದು ಮೀಟರ್ ಮೇಲೇರುತ್ತದೆ. ಫಿಲ್ಟರು ಕೆಳಗಿದ್ದರೂ ಎಂಜಿನ್ ಮೇಲಿದೆಯಲ್ಲ ಎಂಬ ಸಮಾಧಾನಕ್ಕೆ ಈ ಒಂದು ಮೀಟರಿನ ಮುಂದೆ ಬೆಲೆಯಿಲ್ಲ.

ಹಾಗೆಂದು ಮಳೆಯಲ್ಲಿ ಓಡಿಸಿದ ಮಾತ್ರಕ್ಕೆ ಎಂಜಿನ್ ಕೆಡುವುದಿಲ್ಲ. ಎರಡನೇ ಮಹಾಯುದ್ಧದ ವಿಮಾನಗಳ ಎಂಜಿನ್ನಿಗೆ ನೀರನ್ನು ಸಣ್ಣ ಹನಿಯಾಗಿ ಸಿಂಪಡಿಸಿ ಶಕ್ತಿ ಹೆಚ್ಚಿಸುತ್ತಿದ್ದರು. ತುಂತುರು ಹನಿ ಕಾವಿಗೆ ಆವಿಯಾಗಿ ಹೊರಗೆ ಹೋಗುತ್ತದೆ. ಗಾಲಿ ಎರಚುವ ನೀರು ಹತ್ತಿಯ ಫಿಲ್ಟರನ್ನು ತೋಯಿಸಿ ಉಸಿರು ಕಟ್ಟಿಸಬಹುದು, ಗಾಳಿ ಅಳೆಯುವ ಸೆನ್ಸರಿಗೆ ಕೊಳೆ ಹಿಡಿಸಬಹುದು, ರಾಡ್ ಬಾಗಿಸಲಾರದು. ಎಂಜಿನ್ ಮುರಿಯುವುದು ನಿಂತ ನೀರಿನೊಳಗೆ ಫಿಲ್ಟರು ಅದ್ದಿದಾಗ.

ಹೊಳೆ ಮತ್ತು ರಸ್ತೆ

ಕೃಷ್ಣೆ ಮಹಾರಾಷ್ಟ್ರದ ಶಿರೋಳ ತಾಲ್ಲೂಕಿನ ರಾಜಾಪುರ ಬ್ಯಾರೇಜ್ ದಾಟಿ ಕರ್ನಾಟಕಕ್ಕೆ ಬರುತ್ತದೆ. ಅದಕ್ಕೂ ಮೊದಲೇ ಕರಾಡದಲ್ಲಿ ಕೊಯ್ನಾ, ಸಾಂಗಲಿಯ ಹತ್ತಿರ ವಾರಣಾ, ನರಸೋಬಾವಾಡಿಯಲ್ಲಿ ಪಂಚಗಂಗಾ ಅದನ್ನು ಕೂಡಿರುತ್ತವೆ. ನಿಪ್ಪಾಣಿ ಸೀಮೆಯಲ್ಲಿ ಹರಿಯುವ ವೇದಗಂಗಾ ದೂಧಗಂಗೆಯನ್ನು ಸೇರಿ, ದೂಧಗಂಗಾ ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳ, ಯಡೂರ ಭಾಗದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಮುಂದೆ ಕೃಷ್ಣೆ ಮಾಂಜರಿ, ಉಗಾರ, ಕುಡಚಿ, ಅಥಣಿಯ ದಂಡೆಯ ಹಳ್ಳಿಗಳನ್ನು ಬಳಸಿಕೊಂಡು ಹಿಪ್ಪರಗಿ ಬ್ಯಾರೇಜಿನತ್ತ ಹೋಗುತ್ತದೆ.

ಈ ಐದು ತಾಲ್ಲೂಕುಗಳಲ್ಲಿ ಬೀಳುವ ಮಳೆ ಹೆಚ್ಚಿನದಲ್ಲ. ಅಥಣಿ ಬರದ ಊರೆಂದೇ ಹೆಸರಾದದ್ದು. ನೀರು ಬರುವುದು ಸಹ್ಯಾದ್ರಿಯಿಂದ. ಕೊಯ್ನಾ ಅಣೆಕಟ್ಟು ಒಂದೇ 105 ಟಿಎಂಸಿ ನೀರು ಹಿಡಿಯುವಂಥದು. ವಾರಣಾ, ರಾಧಾನಗರಿ, ದೂಧಗಂಗೆಯ ಕಾಳಮ್ಮವಾಡಿ, ವೇದಗಂಗೆಯ ಪಾಟಗಾಂವ ಜಲಾಶಯಗಳೂ ತುಂಬಿದಾಗ ಬಿಡುವ ನೀರೆಲ್ಲ ಕೊನೆಗೆ ಇಲ್ಲಿಗೇ ಬಂದು ಸೇರುತ್ತದೆ. ಹೀಗಾಗಿ ಕಾಗವಾಡದಲ್ಲಿ ಬಿಸಿಲು ಕಾಯುತ್ತಿರುವಾಗಲೂ ಹೊಳೆ ಏರುತ್ತದೆ. ಮಳೆ ಇಲ್ಲ, ಮೋಡ ಇಲ್ಲ, ನಿನ್ನೆ ದಾಟಿದ ಸೇತುವೆ ಇಂದು ನೀರಿನಡಿ. ನೀರಿಗೆ ಹೆದರಿ ಗಾಡಿ ಓಡಿಸಬೇಕೆಂದು ಮಳೆ ನೋಡಿ ಕಲಿತವನಿಗೆ ಇಲ್ಲಿ ಆ ಎಚ್ಚರ ಸಾಲದು.

ದಾಟುವ ಸೇತುವೆಗಳೂ ತಗ್ಗಿನವು. ನೀರು ತಡೆದು ನಿಲ್ಲಿಸಲು ಕಟ್ಟಿದ ಬಾಂದಾರಗಳ ಮೇಲೆಯೇ ರಸ್ತೆ ಹಾಯುತ್ತದೆ. ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಅಕ್ಕೋಳ-ಸಿದ್ನಾಳ, ಜತ್ರಾಟ-ಭೀವಶಿ ಇವು ಜುಲೈ, ಆಗಸ್ಟ್ ತಿಂಗಳಲ್ಲಿ ಮತ್ತೆ ಮತ್ತೆ ಮುಳುಗುವ ಹೆಸರುಗಳು. ಜಮಖಂಡಿ-ಮೀರಜ ರಸ್ತೆಯ ಕುಡಚಿ-ಉಗಾರ ಸೇತುವೆ ಮುಳುಗಿದರೆ ರಾಯಬಾಗದ ಕಡೆಯವರು ಕಾಗವಾಡಕ್ಕೆ ಸುತ್ತಿ ಬಳಸಿ ಹೋಗಬೇಕು. ಈ ಸುತ್ತು ಉಳಿಸುವ ಆಸೆಯೇ ಜನರನ್ನು ನೀರಿಗೆ ಇಳಿಸುತ್ತದೆ. ಎತ್ತರದ ಹೆದ್ದಾರಿಯೂ ಸುರಕ್ಷಿತವೆನ್ನುವಂತಿಲ್ಲ: 2019ರ ಆಗಸ್ಟ್ ಮತ್ತು 2021ರ ಜುಲೈ ಮಹಾಪೂರದಲ್ಲಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ವೇದಗಂಗೆಯ ನೀರು ಹತ್ತಿ ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯೇ ಬಂದ್ ಆಗಿತ್ತು.

ಮುಳುಗಿದ ರಸ್ತೆಗಿಂತ, ಈಗಷ್ಟೇ ನೀರಿಳಿದ ರಸ್ತೆ ಕಾರಿಗೆ ಮೋಸ ಮಾಡುವುದು ಹೆಚ್ಚು. ಪೊಲೀಸರು ಅಡ್ಡಗಟ್ಟಿದ ಬ್ಯಾರಿಕೇಡ್ ಸರಿಸಿದ್ದಾರೆ, ಬೈಕುಗಳು ಓಡಾಡುತ್ತಿವೆ, ಸೇತುವೆಯ ಮೇಲೆ ನೀರಿಲ್ಲ. ಆದರೆ ಸೇತುವೆ ದಾಟಿದ ಮೇಲೆ ಕಬ್ಬಿನ ಗದ್ದೆಗಳ ನಡುವೆ ರಸ್ತೆ ತಗ್ಗುವ ಕಡೆ ಕಪ್ಪು ಮಣ್ಣಿನ ಕೆಸರು ನೀರು ಮೊಣಕಾಲುದ್ದ ನಿಂತಿರುತ್ತದೆ. ತಳ ಕಾಣದು. ಡಾಂಬರು ಕೊಚ್ಚಿಹೋಗಿ ಬಿದ್ದ ಹೊಂಡದೊಳಗೆ ಒಂದು ಮುಂಗಾಲಿ ಇಳಿದರೆ ಆ ಬದಿಯ ಬಂಪರು ಅರ್ಧ ಅಡಿ ಕೆಳಗೆ ಹೋಗುತ್ತದೆ, ಫಿಲ್ಟರು ಇರುವುದು ಆ ಬದಿಯಲ್ಲಾದರೆ ಮುಗಿಯಿತು. ಎದುರಿನಿಂದ ಬರುವ ಲಾರಿ ಎಬ್ಬಿಸುವ ತೆರೆಯೂ ಹಾಗೆಯೇ. ನಿಂತ ನೀರು ಒಂದಡಿಯಿದ್ದರೂ ಬಂಪರಿಗೆ ಬಡಿಯುವಾಗ ಅದು ಎರಡಡಿಯಾಗಬಹುದು. ಮೀರಜ-ಲೋಂಡಾ ರೈಲು ಮಾರ್ಗ ಶೇಡಬಾಳ, ಉಗಾರ, ಕುಡಚಿ, ರಾಯಬಾಗಗಳ ಮೂಲಕ ಹಾದುಹೋಗುತ್ತದೆ. ಹಳಿಯಡಿಯ ದಾರಿ ಎಲ್ಲೇ ಇರಲಿ, ಒಂದು ಜೋರು ಮಳೆಗೆ ಅಲ್ಲಿ ನೀರು ನಿಲ್ಲಬಹುದು. ಇಂಥ ತಗ್ಗಿನಲ್ಲಿ ಎಂಜಿನ್ನಿಗಿಂತ ಮೊದಲು ಜೀವಕ್ಕೆ ಅಪಾಯ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರಿನೊಳಗೆ ಸಿಲುಕಿ ಯುವತಿಯೊಬ್ಬರು ತೀರಿಕೊಂಡರು.

ಇದೇ ನೀರಿನಲ್ಲಿ ಟ್ರ್ಯಾಕ್ಟರು ನಿರಾತಂಕವಾಗಿ ದಾಟಿಹೋಗುವುದನ್ನು ಇಲ್ಲಿಯ ಮಕ್ಕಳೂ ನೋಡಿದ್ದಾರೆ. ಮಹಾಪೂರದ ದಿನಗಳಲ್ಲಿ ದಂಡೆಯ ಹಳ್ಳಿಗಳ ಜನ, ಕಾಳುಕಡಿ, ಹೊರೆ ಹುಲ್ಲು ಸಾಗುವುದು ಟ್ರಾಲಿಗಳಲ್ಲಿಯೇ. ಗಾಲಿ ದೊಡ್ಡದೆಂಬುದು ಒಂದು ಕಾರಣ. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಗಾಳಿಯ ಬಾಯಿ ಟೊಪ್ಪಿಗೆ ಹಾಕಿದ ಕೊಳವೆಯಾಗಿ ಬಾನೆಟ್ಟಿನ ಮೇಲಕ್ಕೆ ಎದ್ದಿರುತ್ತದೆ ಎಂಬುದು ಇನ್ನೊಂದು, ನಮ್ಮ ವಿಷಯಕ್ಕೆ ಮುಖ್ಯವಾದದ್ದು. ದೂಳಿಗಾಗಿ ಮಾಡಿದ ಆ ಎತ್ತರ ನೀರಿಗೂ ಒದಗಿತು. ಜೀಪುಗಳಿಗೆ ಹಾಕುವ ಸ್ನಾರ್ಕೆಲ್ ಎಂಬ ಕೊಳವೆಯದೂ ಇದೇ ತತ್ವ. ಕೋಲ್ಡ್ ಏರ್ ಇಂಟೇಕ್ ಹಾಕಿಸುವವನು ಇದರ ತೀರಾ ವಿರುದ್ಧ ದಿಕ್ಕಿಗೆ ಹೋಗುತ್ತಿರುತ್ತಾನೆ.

ಎಲ್ಲಿ ಕೂರಿಸಿದರೆ ಎಷ್ಟು ಅಪಾಯ

ನಿಪ್ಪಾಣಿ, ಚಿಕ್ಕೋಡಿಯ ಹುಡುಗರಿಗೆ ಕೊಲ್ಹಾಪುರ ಹತ್ತಿರದ ಊರು. ಎರಕದ ಕಾರ್ಖಾನೆ, ಲೇತ್ ಕೆಲಸ, ಬಿಡಿಭಾಗದ ಅಂಗಡಿಗಳ ಪೇಟೆಯದು. ಕಿಟ್ ಸಿಗದಿದ್ದರೆ ಕೊಳವೆ ಬಗ್ಗಿಸಿ ಮಾಡಿಕೊಡುವವರೂ ಅಲ್ಲಿ ಸಿಗುತ್ತಾರೆ. ಕೆಲಸ ಮಾಡುವವರಿಗೆ ಗಾಡಿ ಓಡುವುದು ಯಾವ ರಸ್ತೆಯಲ್ಲಿ ಎಂದು ಗೊತ್ತಿರುವುದಿಲ್ಲ, ಅದನ್ನು ಹೇಳಬೇಕಾದವನು ಗಾಡಿಯ ಯಜಮಾನ.

ಅಳತೆ ತೆಗೆಯುವುದು ಸುಲಭ. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಮುಂಗಾಲಿಯ ಮಡ್‌ಗಾರ್ಡಿನೊಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದರೆ ಫಾಗ್ ಲ್ಯಾಂಪಿನ ಹಿಂದಿನ ಪೊಳ್ಳು ಕಾಣುತ್ತದೆ. ಕೆಳಗಿಳಿಯುವ ಬಗೆಯ ಫಿಲ್ಟರು ಕೂರುವುದು ಅಲ್ಲಿ. ಫಿಲ್ಟರಿನ ಕೆಳಅಂಚಿನಿಂದ ನೆಲಕ್ಕೆ ಟೇಪು ಹಿಡಿದರೆ ಸಣ್ಣ ಕಾರುಗಳಲ್ಲಿ ಒಂದಡಿಯ ಆಸುಪಾಸು ಬರುತ್ತದೆ. 15 ಇಂಚಿನ ಗಾಲಿಯ ನಡುಮಟ್ಟವೂ ಅಷ್ಟೇ, 30-31 ಸೆಂಟಿಮೀಟರ್. ಅಂದರೆ ಗಾಲಿಯ ಅರ್ಧಕ್ಕೆ ನೀರು ಬಂದಾಗ ಫಿಲ್ಟರು ಆಗಲೇ ನೀರನ್ನು ಮುಟ್ಟಿರುತ್ತದೆ. ಓಡುವ ಕಾರು ತನ್ನ ಮುಂದೆ ತಾನೇ ಎಬ್ಬಿಸುವ ತೆರೆಯನ್ನು ಸೇರಿಸಿದರೆ ಅದಕ್ಕೂ ಕಡಿಮೆ ನೀರು ಸಾಕು. ಕಂಪನಿಯ ಡಬ್ಬಿಯ ಬಾಯಿ ಇದರ ಎರಡು ಪಟ್ಟು ಎತ್ತರದಲ್ಲಿರುತ್ತದೆ. ಕಿಟ್ ಹಾಕಿಸುವವನು ಕಳೆದುಕೊಳ್ಳುವುದು ಆ ಒಂದಡಿಯನ್ನು. ಬಾಂದಾರಗಳ ಈ ನಾಡಿನಲ್ಲಿ ಒಂದಡಿಗೆ ಬಹಳ ಬೆಲೆಯಿದೆ.

ಬಾನೆಟ್ಟಿನೊಳಗೆ ಮೇಲೆಯೇ ಉಳಿಯುವ ಚಿಕ್ಕ ಕೊಳವೆಯ ಬಗೆಗೆ ಶಾರ್ಟ್ ರ‍್ಯಾಮ್ ಎನ್ನುತ್ತಾರೆ. ಇದು ನೀರಿಗೆ ಸುರಕ್ಷಿತ, ಆದರೆ ಎಂಜಿನ್ನಿನ ಬಿಸಿ ಗಾಳಿಯನ್ನೇ ಕುಡಿಯುವುದರಿಂದ ಟ್ರಾಫಿಕ್ಕಿನಲ್ಲಿ ಶಕ್ತಿ ಕಂಪನಿಯ ಡಬ್ಬಿ ಇದ್ದಾಗಿಗಿಂತ ಕಡಿಮೆಯಾಗಬಹುದು. ತಗಡಿನ ಮರೆ ಕಟ್ಟಿ, ಜಾಲರಿಯ ಮೇಲಂಚಿನಿಂದ ಗಾಳಿ ತಂದರೆ ತಂಪು ಗಾಳಿ, ನೀರಿನಿಂದ ಸುರಕ್ಷತೆ ಎರಡೂ ಕೂಡಿಬರುತ್ತವೆ. ಈ ಸೀಮೆಗೆ ಒಪ್ಪುವ ಮಾರ್ಪಾಡು ಇದು ಎನ್ನಬಹುದು. ಕಂಪನಿಯ ಡಬ್ಬಿಯನ್ನೇ ಇಟ್ಟುಕೊಂಡು ಒಳಗಿನ ಫಿಲ್ಟರ್ ಮಾತ್ರ ಬದಲಿಸುವುದು ಇನ್ನೂ ಸರಳ. ಎರಡು ತುಂಡಿನ ಕಿಟ್‌ಗಳಲ್ಲಿ ಕೆಳಗಿನ ಕೊಳವೆಯನ್ನು ಕಳಚಿ ಫಿಲ್ಟರನ್ನು ಮೇಲೆಯೇ ಸಿಗಿಸಬಹುದು. ಅಂಥದು ಇದ್ದವರು ಜೂನ್ ಮೊದಲಿಗೆ ಕಳಚಿ ದೀಪಾವಳಿಯ ನಂತರ ಜೋಡಿಸಿದರೆ ಸರಿಹೋಗುತ್ತದೆ.

ಕಾವಲಿನ ಸಾಧನಗಳು ಕೆಲವಿವೆ. ಅಮೆರಿಕದ ಎಇಎಂ ಕಂಪನಿ ಮಾರುವ ಬೈಪಾಸ್ ವಾಲ್ವನ್ನು ಕೊಳವೆಯ ಮೇಲ್ಭಾಗದಲ್ಲಿ ಕೂರಿಸುತ್ತಾರೆ. ಕೆಳಗಿನ ಫಿಲ್ಟರು ಮುಳುಗಿ ಎಳೆತ ಬಿಗಿಯಾದಾಗ ಅದರ ರಬ್ಬರಿನ ತುಟಿ ತೆರೆದುಕೊಂಡು ಮೇಲಿನಿಂದ ಗಾಳಿ ಬಿಡುತ್ತದೆ. ಫಿಲ್ಟರು ಅರ್ಧ ಮಾತ್ರ ಮುಳುಗಿದ್ದರೆ ಉಳಿದರ್ಧದಿಂದ ಗಾಳಿ ಬರುತ್ತಲೇ ಇರುವುದರಿಂದ ವಾಲ್ವು ತೆರೆಯದೆ, ಗಾಳಿಯ ಜೊತೆ ನೀರೂ ಹೋಗಬಹುದು. ಟರ್ಬೊ ಎಂಜಿನ್ನುಗಳಿಗೆ ಇದನ್ನು ಹಾಕುವಂತಿಲ್ಲ. ನಮ್ಮ ಹಳ್ಳಿಗಳ ಡೀಸೆಲ್ ಗಾಡಿಗಳಲ್ಲಿ ಬಹುಪಾಲು ಟರ್ಬೊ ಇರುವಂಥವೇ. ನೀರು ಅಂಟದ ಬಟ್ಟೆಯ ಚೀಲಗಳನ್ನು ಫಿಲ್ಟರಿಗೆ ತೊಡಿಸುವುದುಂಟು. ಅವು ಎರಚಲು ತಡೆಯುತ್ತವೆ, ಮುಳುಗಿದರೆ ತಡೆಯವು. ಇವೆರಡನ್ನೂ ನಂಬಿ ನೀರಿಗಿಳಿಯುವುದು ತಪ್ಪು.

ನೀರಿನಲ್ಲಿ ಗಾಡಿ ನಿಂತರೆ

ನೀರಿನ ನಡುವೆ ಎಂಜಿನ್ ತಾನಾಗಿ ನಿಂತಾಗ ಮೊದಲು ಬರುವ ಯೋಚನೆ ಇನ್ನೊಮ್ಮೆ ಸೆಲ್ಫ್ ಹೊಡೆದು ನೋಡೋಣ ಎಂಬುದು. ಉಳಿಯಬಹುದಾಗಿದ್ದ ಎಂಜಿನ್ನುಗಳು ಹೋಗುವುದು ಈ ಗಳಿಗೆಯಲ್ಲಿ. ನಿಧಾನವಾಗಿ ತಿರುಗುವಾಗ ನೀರು ಕುಡಿದ ಎಂಜಿನ್ ಎಷ್ಟೋ ಸಲ ರಾಡ್ ಬಾಗದೆಯೇ ನಿಂತಿರುತ್ತದೆ. ಸ್ಟಾರ್ಟರು ಅದನ್ನು ಬಲವಂತವಾಗಿ ತಿರುಗಿಸಿದಾಗ ಬಾಗುತ್ತದೆ. ಗೇರಿನಲ್ಲಿ ಹಾಕಿ ತಳ್ಳುವುದೂ ಅಷ್ಟೇ ಕೆಟ್ಟದ್ದು. ಕೀಲಿ ತೆಗೆದು, ಜನ ಹೊರಗೆ ಬಂದು, ನ್ಯೂಟ್ರಲ್‌ನಲ್ಲಿ ಗಾಡಿಯನ್ನು ದಡಕ್ಕೆ ಎಳೆಸಬೇಕು. ಹರಿಯುವ ನೀರಾದರೆ ಗಾಡಿಯ ಆಸೆ ಬಿಟ್ಟು ಮೊದಲು ಜನ ಹೊರಬರಬೇಕು: ಹರಿವಿರುವ ಒಂದಡಿ ನೀರು ಹೆಚ್ಚಿನ ಕಾರುಗಳನ್ನೂ, ಎರಡಡಿ ನೀರು ದೊಡ್ಡ ಗಾಡಿಗಳನ್ನೂ ತೇಲಿಸಿಕೊಂಡು ಹೋಗಬಲ್ಲದು.

ದಡದಲ್ಲಿ ಮೆಕ್ಯಾನಿಕ್ ಮಾಡುವ ಕೆಲಸಕ್ಕೆ ಕ್ರಮವಿದೆ. ಫಿಲ್ಟರು ಮತ್ತು ಕೊಳವೆ ಬಿಚ್ಚಿ ಒಳಗೆ ತೇವ ಇದೆಯೇ ನೋಡುತ್ತಾನೆ. ಪೆಟ್ರೋಲ್ ಗಾಡಿಯ ಸ್ಪಾರ್ಕ್ ಪ್ಲಗ್, ಡೀಸೆಲ್‌ನ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ತೆಗೆದು, ಪಾನೆಯಿಂದ ಕ್ರ್ಯಾಂಕನ್ನು ಕೈಯಲ್ಲೇ ತಿರುಗಿಸುತ್ತಾನೆ. ಸಿಲಿಂಡರಿನ ನೀರು ಪ್ಲಗ್ಗಿನ ತೂತಿನಿಂದ ಹೊರಗೆ ಬರುತ್ತದೆ. ಡಿಪ್‌ಸ್ಟಿಕ್ಕಿಗೆ ಹತ್ತಿದ ಆಯಿಲ್ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಕೆಳಗೂ ಇಳಿದಿದೆ ಎಂದರ್ಥ. ಆಯಿಲ್, ಅದರ ಫಿಲ್ಟರು ಎರಡನ್ನೂ ಬದಲಿಸದೆ ಚಾಲೂ ಮಾಡಬಾರದು.

ಇಷ್ಟಾದ ಮೇಲೆ ಎಂಜಿನ್ ಚಾಲೂ ಆದರೂ ಗೆದ್ದೆವೆನ್ನುವಂತಿಲ್ಲ. ಒಂದೆರಡು ಮಿಲಿಮೀಟರ್ ಬಾಗಿದ ರಾಡ್ ತಿಂಗಳುಗಟ್ಟಲೆ ಓಡಿ, ನಂತರ ಒಂದು ದಿನ ಹೆದ್ದಾರಿಯಲ್ಲಿ ಮುರಿಯಬಹುದು. ಆಗ ನೀರಿನ ನೆನಪೂ ಯಾರಿಗೂ ಇರುವುದಿಲ್ಲ. ಬಾಗಿದ ರಾಡಿನ ಪಿಸ್ಟನ್ ತುದಿಯವರೆಗೆ ಏರದಿರುವುದರಿಂದ ಆ ಸಿಲಿಂಡರಿನ ಕಂಪ್ರೆಷನ್ ಉಳಿದವಕ್ಕಿಂತ ಕಡಿಮೆ ತೋರುತ್ತದೆ, ಹೆಡ್ ಬಿಚ್ಚಿದರೆ ಗೋಡೆಯ ಮೇಲಿನ ಮಸಿಯ ಪಟ್ಟಿ ಉಳಿದ ಮೂರಕ್ಕಿಂತ ಅಗಲವಾಗಿ ಕಾಣುತ್ತದೆ. ನೀರು ಹೊಕ್ಕ ಗಾಡಿಗೆ ಕಂಪ್ರೆಷನ್ ಪರೀಕ್ಷೆ ಮಾಡಿಸದೆ ಬಿಡುವುದು ಉಳಿತಾಯವಲ್ಲ. ಮಹಾಪೂರದ ನಂತರ ಹಳೆಯ ಕಾರು ಕೊಳ್ಳುವವರೂ ಇದನ್ನು ಕೇಳಿ ಮಾಡಿಸಬೇಕು.

ವಿಮೆ ಮತ್ತು ಕಾನೂನು

ಸಾಮಾನ್ಯ ಮೋಟಾರು ವಿಮೆಯಲ್ಲಿ ಪ್ರವಾಹದ ಹಾನಿ ಸೇರಿರುತ್ತದೆ, ಆದರೆ ಯಾಂತ್ರಿಕ ಕೆಡುಕು ಮತ್ತು ಒಂದರಿಂದ ಇನ್ನೊಂದು ಎಂಬಂತೆ ಬರುವ ಹಾನಿ ಸೇರಿರುವುದಿಲ್ಲ. ಹೈಡ್ರೋಲಾಕ್ ಅನ್ನು ವಿಮಾ ಕಂಪನಿಗಳು ಸಾಮಾನ್ಯವಾಗಿ ಈ ಎರಡನೇ ಗುಂಪಿಗೆ ಸೇರಿಸುತ್ತವೆ. ಅದಕ್ಕೆಂದೇ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆಯಿದೆ. ಸವಕಳಿ ಕಳೆಯದೆ ಹಣ ಕೊಡುವ ಝೀರೋ ಡೆಪ್ ಇದ್ದರೆ ಇದೂ ಇದ್ದಂತೆ ಎಂದು ತಿಳಿಯುವುದು ತಪ್ಪು. ಮಾರ್ಪಾಡನ್ನು ತಿಳಿಸದೆ ಹಾಕಿಸಿದ್ದರೆ ಹಣ ನಿರಾಕರಿಸಲು ಅದೇ ಕಾರಣವಾಗಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂಥ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಫಿಲ್ಟರಿನ ಜಾಗ ಆ ಪತ್ರದಲ್ಲಿ ಬರೆದಿರುವುದಿಲ್ಲವಾದರೂ, 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಗಾಳಿಯ ಅಳತೆ ಹೊಗೆಯ ನಿಯಂತ್ರಣಕ್ಕೆ ಹೆಣೆದುಕೊಂಡಿರುವುದರಿಂದ ಕೊಳವೆ ಬದಲಿಸಿದಾಗ ಎಂಜಿನ್ ದೀಪ ಹತ್ತುವುದುಂಟು, ವಾರಂಟಿಗೂ ತೊಡಕಾಗುತ್ತದೆ.

ಹೊಳೆಯ ಮಟ್ಟ ನೋಡುವ ಕ್ರಮ

ಈ ಸೀಮೆಯ ಅನುಭವಿ ಚಾಲಕರು ಮೋಡಕ್ಕಿಂತ ಮೇಲ್ಭಾಗದ ಅಳತೆಗಳನ್ನು ನಂಬುತ್ತಾರೆ. ಪಂಚಗಂಗೆಗೆ ಕೊಲ್ಹಾಪುರದ ರಾಜಾರಾಮ ಬಾಂದಾರ ಗುರುತು: 39 ಅಡಿ ಎಚ್ಚರಿಕೆಯ ಮಟ್ಟ, 43 ಅಡಿ ಅಪಾಯದ ಮಟ್ಟ. ಕೃಷ್ಣೆಗೆ ಸಾಂಗಲಿಯ ಇರ್ವಿನ್ ಸೇತುವೆ: ಅಲ್ಲಿ ಕ್ರಮವಾಗಿ 40 ಮತ್ತು 45 ಅಡಿ. ರಾಜಾಪುರ ಬ್ಯಾರೇಜಿನಿಂದ ಬರುವ ಕ್ಯುಸೆಕ್‌ಗೆ ದೂಧಗಂಗೆಯ ಹರಿವನ್ನು ಕೂಡಿಸಿದರೆ ಕಲ್ಲೋಳದಲ್ಲಿ ಕೃಷ್ಣೆ ಎಷ್ಟಾಗುತ್ತದೆ ಎಂಬ ಲೆಕ್ಕ ಸಿಗುತ್ತದೆ. ಮಳೆಗಾಲದಲ್ಲಿ ಪತ್ರಿಕೆಗಳು ಈ ಅಂಕಿಗಳನ್ನು ಮುಳುಗಿದ ಸೇತುವೆಗಳ ಹೆಸರಿನೊಂದಿಗೆ ಅಚ್ಚು ಹಾಕುತ್ತವೆ. ಗಾಳಿಯ ಬಾಯಿ ಕೆಳಗಿರುವ ಕಾರಿನವರು ಆ ಪಟ್ಟಿಯಲ್ಲಿ ತಮ್ಮ ದಾರಿಯ ಸೇತುವೆ ಇದ್ದರೆ, ನೀರಿಳಿದ ಸುದ್ದಿ ಬಂದ ಮೇಲೂ ಎರಡೂ ಕಡೆಯ ತಗ್ಗುಗಳ ನೀರು ಬಸಿದುಹೋಗಿದೆ ಎಂದು ಆ ಊರಿನವರಿಂದ ಕೇಳಿ ತಿಳಿಯುವ ತನಕ ಆ ರಸ್ತೆ ಹಿಡಿಯಬಾರದು.